ನಿನ್ನೆ ರಾತ್ರಿಯ ಕ್ವಾರ್ಟರ್, ಬೆಳಗಿನ 5ರ ಬಸ್

"ನಾ ಕುಡಿದಿದ್ದು ನಿನ್ನೆ ರಾತ್ರಿರೀ ಸರ್, ಇವತ್ತಲ್ಲ."

ಕಲಬುರಗಿಯ ನಮ್ಮ ಓಣಿಯಲ್ಲಿರುವ ಸರ್ಕಾರಿ ಬಸ್ಸಿನ ಡ್ರೈವರ್ ಒಬ್ಬರು ಹೀಗಂದಾಗ ಮೊದಲು ನಗು ಬಂತು, ಆಮೇಲೆ ಪಾಪ ಅನ್ನಿಸಿತು. ಅವರದು ಬೆಳಗಿನ 5ರ ಡ್ಯೂಟಿ. ಡಿಪೊ ಗೇಟಿನಲ್ಲಿ ಕುಡಿದದ್ದನ್ನು ಪತ್ತೆ ಮಾಡುವ ಮಷಿನ್ನಿಗೆ ಊದಿಸಿದರು, ಅಂಕಿ ಬಂತು, ಬಸ್ಸು ಬೇರೆಯವರ ಕೈಗೆ ಹೋಯಿತು. ರಾತ್ರಿ 10ಕ್ಕೆ ಕ್ವಾರ್ಟರ್ ಮುಗಿಸಿ, ರೊಟ್ಟಿ ಉಂಡು, ಮಲಗೆದ್ದು, ತಣ್ಣೀರು ಹೊಯ್ದುಕೊಂಡು ಬಂದಿದ್ದರಂತೆ. ಅವರು ಸುಳ್ಳು ಹೇಳುತ್ತಿರಲಿಲ್ಲ. ಮಷಿನ್ನೂ ಸುಳ್ಳು ಹೇಳಿರಲಿಲ್ಲ.

ನಾನು ಕೆಮಿಸ್ಟ್ರಿ ಮೇಷ್ಟ್ರು. ಹಾಳೆ ತೆಗೆದುಕೊಂಡು ಲೆಕ್ಕಕ್ಕೆ ಕೂತೆ.

ಒಂದು ಕ್ವಾರ್ಟರ್ ಅಂದರೆ 180 ಮಿಲಿ. ನಮ್ಮಲ್ಲಿ ಸಿಗುವ ವಿಸ್ಕಿ, ರಮ್ಮಿನಲ್ಲಿ ಆಲ್ಕೋಹಾಲ್ ಶೇ. 42.8ರಷ್ಟು. ಅಂದರೆ ಸುಮಾರು 77 ಮಿಲಿ, ತೂಕದಲ್ಲಿ 61 ಗ್ರಾಂ. ಇದು ಮೈಯಲ್ಲಿರುವ ನೀರಿಗೆಲ್ಲ ಹರಡಿಕೊಳ್ಳುತ್ತದೆ. ಹರಡಿದ ಮೇಲೆ ರಕ್ತದಲ್ಲಿ ಎಷ್ಟಿರುತ್ತದೆ ಎಂದು ಅಂದಾಜು ಮಾಡುವ ಸೂತ್ರವನ್ನು ಕೊಟ್ಟವರು ಸ್ವೀಡನ್ನಿನ ಎರಿಕ್ ವಿಡ್‌ಮಾರ್ಕ್. 65 ಕೆ.ಜಿ. ತೂಕದ ಗಂಡಸಿಗೆ ಆ ಸೂತ್ರ ಹಾಕಿದರೆ 100 ಮಿಲಿ ರಕ್ತಕ್ಕೆ ಹೆಚ್ಚು ಕಡಿಮೆ 137 ಮಿಲಿಗ್ರಾಂ ಬರುತ್ತದೆ.

ಇನ್ನು ಇಳಿಯುವ ಲೆಕ್ಕ. ಆಲ್ಕೋಹಾಲನ್ನು ಕರಗಿಸುವ ಕೆಲಸ ಲಿವರ್‌ನದು. ಅದು ಬಸ್ ಸ್ಟ್ಯಾಂಡಿನ ಪಾಸ್ ಕೌಂಟರ್ ಇದ್ದ ಹಾಗೆ. ಹೊರಗೆ ನೂರು ಜನ ನಿಂತಿರಲಿ, ಇನ್ನೂರು ಜನ ನಿಂತಿರಲಿ, ಗುಮಾಸ್ತ ಗಂಟೆಗೆ ಕೊಡುವ ಪಾಸು ಅಷ್ಟೇ. ಲಿವರ್‌ನ ವೇಗ 100 ಮಿಲಿ ರಕ್ತಕ್ಕೆ ಗಂಟೆಗೆ ಸುಮಾರು 15 ಮಿಲಿಗ್ರಾಂ. ಆಳಿಂದ ಆಳಿಗೆ ವ್ಯತ್ಯಾಸ ಇದೆ, ಆದರೆ ಕಾಫಿ, ನಿಂಬೆಹಣ್ಣು, ತಣ್ಣೀರಿನ ಸ್ನಾನ ಯಾವುದೂ ಈ ಗುಮಾಸ್ತನನ್ನು ಅವಸರ ಮಾಡಿಸಲಾರವು. ರಾತ್ರಿ 10ರಿಂದ ಬೆಳಗಿನ 5ಕ್ಕೆ 7 ಗಂಟೆ, ಇಳಿದದ್ದು 105. ಉಳಿದದ್ದು 32.

ಕುಡಿದು ಓಡಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 185ನೇ ಕಲಮು ಹಾಕಿದ ಗೆರೆ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ, ದಾಟಿದರೆ ಅಪರಾಧ. ಲೆಕ್ಕ ಇಷ್ಟು ಸರಿಯಾಗಿ ಕೂತಿದ್ದು ನೋಡಿ ನನಗೇ ಆಶ್ಚರ್ಯ. ಹೊಟ್ಟೆ ತುಂಬ ಉಂಡಿದ್ದರೆ ಏರಿಕೆ ಕಡಿಮೆ, ಹಾಗಾಗಿ ಅಂಕಿ ಆಚೀಚೆ ಆಗಬಹುದು. ಆದರೆ ಈ ಲೆಕ್ಕದ ಪ್ರಕಾರ ಪೂರ್ತಿ ಸೊನ್ನೆಗೆ ಬರಲು ಬೆಳಗಿನ 7 ದಾಟಲೇಬೇಕಿತ್ತು. ಇದನ್ನೆಲ್ಲ ಹೇಳಿದಾಗ ಅವರು ಬೆರಳು ಮಡಚಿ ಏನೋ ಎಣಿಸಿ, "ಹಂಗಾದ್ರ ಮಧ್ಯಾಹ್ನದ ಶಿಫ್ಟಿಗೆ ತೊಂದ್ರಿ ಇಲ್ಲಲ್ರೀ?" ಎಂದರು. ಮೇಷ್ಟ್ರ ಪಾಠ ಯಾವ ಕಡೆಗೆ ಹೋಗುತ್ತದೆ ನೋಡಿ.

ಕಾಯ್ದೆಯ ಗೆರೆ ರಕ್ತದ್ದು, ಊದುವುದು ಉಸಿರು. ಅದು ಹೇಗೆ? ಶ್ವಾಸಕೋಶದ ಒಳಗಿನ ಸಣ್ಣ ಗಾಳಿಚೀಲಗಳಲ್ಲಿ ರಕ್ತಕ್ಕೂ ಗಾಳಿಗೂ ನಡುವೆ ತೆಳ್ಳನೆಯ ಪೊರೆ ಅಷ್ಟೇ ಇರುತ್ತದೆ. ರಕ್ತದಲ್ಲಿ ಎಷ್ಟು ಆಲ್ಕೋಹಾಲ್ ಇದೆಯೋ ಅದಕ್ಕೆ ತಕ್ಕಷ್ಟು ಆವಿಯಾಗಿ ಗಾಳಿಗೆ ಸೇರುತ್ತದೆ. 2,100 ಮಿಲಿ ಉಸಿರಿನಲ್ಲಿರುವುದು 1 ಮಿಲಿ ರಕ್ತದಲ್ಲಿರುವುದಕ್ಕೆ ಸಮ ಎಂದು ಹಿಡಿಯುತ್ತಾರೆ. "ಊದ್ರಿ, ಇನ್ನಾ ಊದ್ರಿ" ಎಂದು ಸತಾಯಿಸುವುದು ಸುಮ್ನೆ ಅಲ್ಲ, ಆ ಆಳದ ಗಾಳಿ ಹೊರಗೆ ಬರಬೇಕು. ಗೆರೆಯ ಮೇಲೆ ನಿಂತವನ ಒಂದೂವರೆ ಲೀಟರ್ ಉಸಿರಿನಲ್ಲಿರುವ ಆಲ್ಕೋಹಾಲ್ ಒಂದು ಮಿಲಿಗ್ರಾಂನ ಐದನೇ ಒಂದು ಭಾಗ ಮಾತ್ರ.

ಅಮೆರಿಕದ ರಾಬರ್ಟ್ ಬೋರ್ಕೆನ್‌ಸ್ಟೈನ್ 1954ರಲ್ಲಿ ಮಾಡಿದ ಯಂತ್ರದಲ್ಲಿ ಪೊಟ್ಯಾಸಿಯಂ ಡೈಕ್ರೋಮೇಟ್ ಇತ್ತು. ಆಲ್ಕೋಹಾಲ್ ತಾಗಿದರೆ ಅದರ ಬಣ್ಣ ಬದಲಾಗಿ ಹಸಿರಿನ ಕಡೆಗೆ ತಿರುಗುತ್ತದೆ. ಪಿಯುಸಿ ಮಕ್ಕಳು ಲ್ಯಾಬಿನಲ್ಲಿ ನೋಡಿರುತ್ತಾರೆ. ಈಗಿನ ಒಳ್ಳೆಯ ಮಷಿನ್‌ಗಳಲ್ಲಿ ಪ್ಲಾಟಿನಂ ಲೇಪಿಸಿದ ಫ್ಯೂಯೆಲ್ ಸೆಲ್ ಇದೆ. ಆಲ್ಕೋಹಾಲ್ ಅದರ ಮೇಲೆ ಅಸಿಟಿಕ್ ಆಮ್ಲವಾಗುವಾಗ ಎಲೆಕ್ಟ್ರಾನ್‌ಗಳು ಬಿಡುಗಡೆಯಾಗುತ್ತವೆ. ಆ ಕರೆಂಟೇ ಪರದೆಯ ಅಂಕಿ. ಅಂದರೆ ಮಷಿನ್ನಿಗೆ ಮೂಗಿಲ್ಲ. ಗುಟ್ಕಾ, ಏಲಕ್ಕಿ, ಹಸಿ ಉಳ್ಳಾಗಡ್ಡಿ ಜಗಿದು ವಾಸನೆ ಮುಚ್ಚಿದರೆ ಡಿಪೊದ ಕಂಟ್ರೋಲರ್ ಮೋಸ ಹೋಗಬಹುದು, ಪ್ಲಾಟಿನಂ ಹೋಗುವುದಿಲ್ಲ.

ಆದರೆ ಅದು ಬೇರೆ ರೀತಿಯಲ್ಲಿ ಎಡವುತ್ತದೆ. 2025ರಲ್ಲಿ ಕೇರಳದ ಪಂದಳಂ ಬಸ್ ಡಿಪೊದಲ್ಲಿ ಡ್ರೈವರ್‌ಗಳು ಊದಿದಾಗ ಅಂಕಿ ಬಂತು. ಕುಡಿದೇ ಇಲ್ಲ ಎಂದು ಅವರ ವಾದ. ಎಲ್ಲರೂ ತಿಂದದ್ದು ಹಲಸಿನ ಹಣ್ಣು. ಸೊನ್ನೆ ಬಂದವರೊಬ್ಬರಿಗೆ ಕೆಲವು ತೊಳೆ ತಿನ್ನಿಸಿ ಮತ್ತೆ ಊದಿಸಿದರು. ಅವರಿಗೂ ಅಂಕಿ ಬಂತು! ಜಾಸ್ತಿ ಮಾಗಿದ ಹಣ್ಣಿನ ಸಕ್ಕರೆ ಹುಳಿತು ಚೂರು ಆಲ್ಕೋಹಾಲ್ ಆಗಿರುತ್ತದೆ. ಅದು ರಕ್ತದ್ದಲ್ಲ, ಬಾಯಿಯದು. ಹೋಮಿಯೋಪತಿ ಹನಿ, ಅರಿಷ್ಟ, ಮೌತ್‌ವಾಶ್ ಕೂಡ ಇದೇ ಆಟ ಆಡುತ್ತವೆ. ಮದ್ದು ಸುಲಭ: ಬಾಯಿ ಮುಕ್ಕಳಿಸಿ 15 ನಿಮಿಷ ಕೂತು ಮತ್ತೆ ಊದುವುದು. ಬಾಯಿಯದ್ದಾದರೆ ಮಾಯ, ರಕ್ತದ್ದಾದರೆ ಅಲ್ಲೇ ಇರುತ್ತದೆ. ಒಬ್ಬನ ಕೆಲಸದ ಪ್ರಶ್ನೆ ಇರುವಾಗ ಈ 15 ನಿಮಿಷ ಕೊಡದಿರುವುದು ನನ್ನ ಮಟ್ಟಿಗೆ ತಪ್ಪು.

ನಮ್ಮ ಭಾಗದ ದೊಡ್ಡ ಚಿಂತೆ ಹಣ್ಣಲ್ಲ, ಸೇಂದಿ. ಸೇಡಂ, ಚಿಂಚೋಳಿ, ಗುರುಮಠಕಲ್ ಅಂದರೆ ತೆಲಂಗಾಣದ ಗಡಿ. ಈ ಸೀಮೆಯಲ್ಲಿ ಸಿಎಚ್ ಪೌಡರ್ ಎಂಬ ಹೆಸರು ಕೇಳದವರು ಕಡಿಮೆ. ಅದು ಕ್ಲೋರಲ್ ಹೈಡ್ರೇಟ್, ನಿದ್ದೆ ಬರಿಸುವ ರಾಸಾಯನಿಕ. ಕಲಬೆರಕೆ ಸೇಂದಿಯಲ್ಲಿ ಇದೋ, ಆಲ್ಪ್ರಜೋಲಾಂನಂಥ ಗುಳಿಗೆಯ ಪುಡಿಯೋ ಸೇರಿರುತ್ತದೆ. ಊದಿದರೆ ಕಾಣುವುದು ಸೇಂದಿಯ ತೆಳ್ಳನೆಯ ಆಲ್ಕೋಹಾಲ್ ಮಾತ್ರ. ತೂಕಡಿಕೆ ತರುವ ಪುಡಿ ಕಾಣುವುದಿಲ್ಲ. ಅಷ್ಟೇಕೆ, ಮೆಡಿಕಲ್ ಶಾಪಿನ ನೆಗಡಿ ಗುಳಿಗೆಯಲ್ಲಿರುವ ಕ್ಲೋರ್‌ಫೆನಿರಮೈನ್ ಕೂಡ ನಿದ್ದೆ ತರುತ್ತದೆ. ಅದಕ್ಕೂ ಅಂಕಿ ಇಲ್ಲ. 185ನೇ ಕಲಮಿನಲ್ಲಿ ಮಾದಕ ವಸ್ತುವಿನ ಮಾತೂ ಇದೆ, ಆದರೆ ಅಲ್ಲಿ 30ರಂಥ ಗೆರೆ ಇಲ್ಲ. ವಾಹನ ಹತೋಟಿಯಲ್ಲಿಡಲು ಆಗದಷ್ಟು ಅಮಲು ಇರಬೇಕು, ಅಷ್ಟೇ.

ಹಾಗಾದರೆ ಮೂತ್ರ ಪರೀಕ್ಷೆ? 1987ರಲ್ಲಿ ಅಮೆರಿಕದ ಮೇರಿಲ್ಯಾಂಡಿನಲ್ಲಿ ರೈಲು ಡಿಕ್ಕಿಯಾಗಿ 16 ಜನ ಸತ್ತರು. ಎಂಜಿನ್ ಚಾಲಕ ಗಾಂಜಾ ಸೇದಿದ್ದ. 1991ರಲ್ಲಿ ಅಲ್ಲಿ ಬಸ್, ಲಾರಿ ಚಾಲಕರಿಗೂ ಸೇರಿಸಿ ಪರೀಕ್ಷೆಯ ಕಾಯ್ದೆ ಬಂತು. ಚೀಟಿ ಎತ್ತಿದಂತೆ ಯಾರ ಹೆಸರು ಯಾವಾಗ ಬರುತ್ತದೋ ಗೊತ್ತಿರುವುದಿಲ್ಲ. ಮೂತ್ರ ತಾಗಿಸುವ ಪರೀಕ್ಷೆಯ ಪಟ್ಟಿ (ಸ್ಟ್ರಿಪ್) ನೋಡಲು ಮಜವಾಗಿದೆ. ಅದರಲ್ಲಿ ಗೆರೆ ಮೂಡಿದರೆ ಮಾದಕ ವಸ್ತು ಇಲ್ಲ ಎಂದು ಅರ್ಥ. ಮೂತ್ರದಲ್ಲಿ ವಸ್ತು ಇದ್ದರೆ ಪಟ್ಟಿಯ ಮೇಲಿನ ಜಾಗಕ್ಕೆ ಪೈಪೋಟಿ ಮಾಡಿ ಗೆರೆಯನ್ನೇ ತಡೆಯುತ್ತದೆ. ಆದರೆ ಹೋಳಿ ಹುಣ್ಣಿಮೆಯಲ್ಲಿ ಭಂಗಿ ಕುಡಿದವನ ಮೂತ್ರದಲ್ಲಿ ಅದರ ಗುರುತು ದಿನಗಟ್ಟಲೆ ಇರುತ್ತದೆ. ದಿನಾ ಸೇದುವವನಲ್ಲಿ ವಾರಗಟ್ಟಲೆ. ಅಮಲು ಎಂದೋ ಇಳಿದಿರುತ್ತದೆ. ಉಸಿರು ಈಗಿನದನ್ನು ಹೇಳುತ್ತದೆ, ಮೂತ್ರ ಮೊನ್ನೆಯದನ್ನು.

ನಿದ್ದೆಗೆಟ್ಟವನನ್ನು ಎರಡೂ ಹಿಡಿಯುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಡಾಸನ್ ಮತ್ತು ರೀಡ್ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸತತ 17 ಗಂಟೆ ಎದ್ದಿದ್ದವರ ಕೈ ಕಣ್ಣಿನ ಹೊಂದಾಣಿಕೆ ರಕ್ತದಲ್ಲಿ 50 ಮಿಲಿಗ್ರಾಂ ಆಲ್ಕೋಹಾಲ್ ಇದ್ದವರ ಮಟ್ಟಕ್ಕೆ ಕುಸಿದಿತ್ತು. ನಮ್ಮ ಗೆರೆ 30 ಎಂಬುದು ನೆನಪಿರಲಿ. ಬೆಳಗ್ಗೆ 6ಕ್ಕೆ ಎದ್ದು, ಹಗಲಿಡೀ ಮನೆಗೆಲಸ ಮಾಡಿ, ರಾತ್ರಿ 8ಕ್ಕೆ ಕಲಬುರಗಿಯಿಂದ ಬೆಂಗಳೂರಿನ ಬಸ್ ಹತ್ತಿದ ಡ್ರೈವರಿಗೆ 17 ಗಂಟೆ ತುಂಬುವುದು ರಾತ್ರಿ 11ಕ್ಕೆ, ಸುರಪುರದ ಆಸುಪಾಸಿನಲ್ಲಿ. ಅಲ್ಲಿ ನಿಲ್ಲಿಸಿ ಊದಿಸಿದರೆ ಬರುವುದು ಸೊನ್ನೆ. ಕಣ್ಣಿನ ರೆಪ್ಪೆ ಎಷ್ಟು ಹೊತ್ತು ಮುಚ್ಚಿರುತ್ತದೆ ಎಂದು ಅಳೆಯುವ ಕ್ಯಾಮೆರಾಗಳು ಈಗ ಬಂದಿವೆ. ಅವು ಕೂಗುವುದು ಮಾತ್ರ ತೂಕಡಿಕೆ ಶುರುವಾದ ಮೇಲೆ.