ದಪ್ಪ ಸ್ಟೆಬಿಲೈಸರ್ ಬಾರ್ ಹಾಕಿಸಿದರೆ ಘಾಟಿಯಲ್ಲಿ ಕಾರಿನ ಹಿಡಿತ ಹೆಚ್ಚುತ್ತದೆಯೇ?

ಪ್ರಶ್ನೆ: ನಮ್ಮದು ಆರು ವರ್ಷ ಹಳೆಯ ಸ್ವಿಫ್ಟ್. ಉಜಿರೆಯಲ್ಲಿ ಓದುತ್ತಿರುವ ಮಗಳನ್ನು ಕರೆತರಲು ತಿಂಗಳಿಗೆ ಎರಡು ಮೂರು ಸಲ ಚಿಕ್ಕಮಗಳೂರಿನಿಂದ ಚಾರ್ಮಾಡಿ ಘಾಟಿ ಇಳಿದು ಹತ್ತುತ್ತೇವೆ. ತಿರುವುಗಳಲ್ಲಿ ಕಾರು ಬಹಳ ವಾಲುತ್ತದೆ, ಹಿಂದೆ ಕೂತವರಿಗೆ ವಾಂತಿ ಬರುತ್ತದೆ. ಹೊರಗೆ ಸಿಗುವ ದಪ್ಪ ಸ್ಟೆಬಿಲೈಸರ್ ಬಾರ್ ಹಾಕಿಸಿದರೆ ವಾಲುವುದು ನಿಂತು ರಸ್ತೆಯ ಮೇಲಿನ ಹಿಡಿತ ಹೆಚ್ಚುತ್ತದೆ ಎನ್ನುತ್ತಾರೆ. ಹಾಕಿಸಬಹುದೇ ಸರ್?

ಉತ್ತರ: ಹಾಸನದವರು ಶಿರಾಡಿಯ ಹೆಸರು ಹೇಳಿ ಕೇಳುತ್ತಾರೆ, ಮೂಡಿಗೆರೆಯವರು ಚಾರ್ಮಾಡಿಯ ಹೆಸರು ಹೇಳಿ ಕೇಳುತ್ತಾರೆ, ಕೈಮರದ ಆಚೆ ತೋಟವಿರುವವರು ಗಿರಿಯ ರಸ್ತೆಯ ಹೆಸರು ಹೇಳಿ ಕೇಳುತ್ತಾರೆ. ಪ್ರಶ್ನೆ ಮಾತ್ರ ಒಂದೇ, ಅದರ ಕೊನೆಗೆ ಅಂಟಿಕೊಂಡಿರುವ ತಪ್ಪು ತಿಳಿವಳಿಕೆಯೂ ಒಂದೇ. ವಾಲುವುದು ಕಡಿಮೆಯಾಗುತ್ತದೆ, ಅಷ್ಟು ನಿಜ. ಹಿಡಿತ ಹೆಚ್ಚುತ್ತದೆ ಎಂಬುದು ನಿಜವಲ್ಲ. ಎಷ್ಟು ಸಲ ಹೇಳಿದರೂ ಈ ಎರಡನೆಯ ಮಾತು ಮತ್ತೆ ಮತ್ತೆ ಎದ್ದು ಬರುತ್ತಿರುವುದರಿಂದ, ಈ ಸಲ ಅದರ ಬುಡದವರೆಗೂ ಹೋಗಿ ಬರೆಯುತ್ತಿದ್ದೇನೆ.

ಮೊದಲು ಈ ಬಾರ್ ಮಾಡುವ ಕೆಲಸವೇನು ಎಂಬುದು ಕಣ್ಣಿಗೆ ಕಾಣಬೇಕು. ಸ್ವೇ ಬಾರ್, ಆಂಟಿ ರೋಲ್ ಬಾರ್, ಸ್ಟೆಬಿಲೈಸರ್ ಬಾರ್ ಎಲ್ಲವೂ ಒಂದೇ ವಸ್ತುವಿನ ಹೆಸರುಗಳು. ಐ.ಟಿ.ಐ. ಹುಡುಗರಿಗೆ ನಾನು ಇದನ್ನು ಪುಸ್ತಕದಿಂದ ಕಲಿಸಿದವನಲ್ಲ. ಕಾರನ್ನು ಪಿಟ್ ಮೇಲೆ ನಿಲ್ಲಿಸಿ, ಮುಂದಿನ ಎರಡು ಚಕ್ರಗಳ ನಡುವೆ ಅಡ್ಡಲಾಗಿ ಹೋಗುವ ಆ ಸರಳನ್ನು ಚಿಂದಿಯಿಂದ ಒರೆಸಿ, ಈ ಕಡೆಯ ಬುಷ್‌ನಿಂದ ಆ ಕಡೆಯ ಬುಷ್‌ವರೆಗೆ ಸೀಮೆಸುಣ್ಣದಲ್ಲಿ ಒಂದು ನೇರ ಗೆರೆ ಎಳೆಸುತ್ತಿದ್ದೆ. ಎರಡೂ ಚಕ್ರಗಳ ಕೆಳಗೆ ಒಂದೇ ಎತ್ತರದ ಮರದ ತುಂಡು ಇಟ್ಟರೆ ಸರಳು ತನ್ನ ಬುಷ್‌ಗಳೊಳಗೆ ಸುಮ್ಮನೆ ಹೊರಳುತ್ತದೆ, ಗೆರೆ ನೇರವಾಗಿಯೇ ಉಳಿಯುತ್ತದೆ. ಒಂದೇ ಚಕ್ರದ ಕೆಳಗೆ ತುಂಡು ಇಟ್ಟರೆ ಸರಳು ತಿರುಚಿಕೊಳ್ಳುತ್ತದೆ, ಗೆರೆ ಓರೆಯಾಗುತ್ತದೆ. ಆ ಓರೆಯೇ ಬಾರಿನ ಸಂಪೂರ್ಣ ಕಥೆ. ಹಂಪಿನ ಮೇಲೆ ಎರಡು ಚಕ್ರಗಳೂ ಒಟ್ಟಿಗೆ ಏರಿದಾಗ ಬಾರಿಗೆ ಕೆಲಸವಿಲ್ಲ. ತಿರುವಿನಲ್ಲಿ ಒಂದು ಬದಿ ಕುಸಿದು ಇನ್ನೊಂದು ಬದಿ ಏಳುವಾಗ ಮಾತ್ರ ಅದು ತಿರುಚಿಕೊಂಡು ವಿರೋಧಿಸುತ್ತದೆ.

ಆ ವಿರೋಧ ಸರಳಿನ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ. 20 ಮಿ.ಮೀ. ಬಾರ್ ತೆಗೆದು 22 ಮಿ.ಮೀ. ಹಾಕಿದವರು ‘ಎರಡೇ ಮಿಲಿಮೀಟರ್ ಹೆಚ್ಚು’ ಎಂದುಕೊಳ್ಳುತ್ತಾರೆ, ಆದರೆ ಉಳಿದೆಲ್ಲವೂ ಹಾಗೆಯೇ ಇದ್ದರೆ ಬಿಗಿ ಹೆಚ್ಚಿರುವುದು ಶೇ. 46ರಷ್ಟು. ಟೊಳ್ಳು ಬಾರ್ ಕಳಪೆ ಎಂಬ ಮಾತಿಗೂ ಇದೇ ಲೆಕ್ಕದಲ್ಲಿ ಉತ್ತರವಿದೆ. 22 ಮಿ.ಮೀ. ಹೊರವ್ಯಾಸ, 14 ಮಿ.ಮೀ. ಒಳವ್ಯಾಸದ ಟೊಳ್ಳು ಬಾರ್ ಅದೇ ಗಾತ್ರದ ಗಟ್ಟಿ ಬಾರಿನ ಶೇ. 84ರಷ್ಟು ಬಿಗಿಯನ್ನು ಶೇ. 60ರಷ್ಟು ತೂಕದಲ್ಲಿಯೇ ಕೊಡುತ್ತದೆ.

ಈಗ ಹಿಡಿತದ ವಿಚಾರ. ಕಾರು ವಾಲುವುದರಿಂದಲೇ ತೂಕ ಹೊರಬದಿಯ ಚಕ್ರಗಳಿಗೆ ಹೋಗುತ್ತದೆ, ವಾಲುವುದನ್ನು ತಡೆದರೆ ತೂಕ ನಾಲ್ಕೂ ಚಕ್ರಗಳ ಮೇಲೆ ಸಮನಾಗಿ ಉಳಿಯುತ್ತದೆ, ಆದ್ದರಿಂದ ಹಿಡಿತ ಹೆಚ್ಚುತ್ತದೆ ಎಂದು ಎಲ್ಲರೂ ನಂಬಿದ್ದಾರೆ. ಕೇಳಲು ಸರಿಯೆನಿಸುವ ಈ ಮಾತು ತಲೆಕೆಳಗಾಗಿದೆ. ತಿರುವಿನಲ್ಲಿ ಒಳಬದಿಯಿಂದ ಹೊರಬದಿಗೆ ಎಷ್ಟು ತೂಕ ಸಾಗುತ್ತದೆ ಎಂಬುದನ್ನು ಮುಖ್ಯವಾಗಿ ನಿರ್ಧರಿಸುವವು ನಾಲ್ಕೇ ಸಂಗತಿಗಳು: ಕಾರಿನ ತೂಕ, ಅದರ ಗುರುತ್ವ ಕೇಂದ್ರ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದು, ಎಡಬಲ ಚಕ್ರಗಳ ನಡುವಿನ ಅಂತರ, ಮತ್ತು ತಿರುವಿನಲ್ಲಿ ಹುಟ್ಟುವ ಅಡ್ಡ ಬಲ. ಈ ನಾಲ್ಕರಲ್ಲಿ ಸ್ಟೆಬಿಲೈಸರ್ ಬಾರಿನ ಹೆಸರಿಲ್ಲ.

ಲೆಕ್ಕ ಹಾಕಿಯೇ ನೋಡೋಣ. ಜನ ಕೂತ ಕಾರಿನ ತೂಕ 1000 ಕೆ.ಜಿ., ಗುರುತ್ವ ಕೇಂದ್ರದ ಎತ್ತರ 55 ಸೆಂ.ಮೀ., ಚಕ್ರಗಳ ಅಂತರ 150 ಸೆಂ.ಮೀ. ಎಂದು ಇಟ್ಟುಕೊಳ್ಳಿ. 20 ಮೀಟರ್ ತ್ರಿಜ್ಯದ ಹೇರ್‌ಪಿನ್ ತಿರುವನ್ನು ಗಂಟೆಗೆ 30 ಕಿ.ಮೀ. ವೇಗದಲ್ಲಿ ತೆಗೆದುಕೊಂಡರೆ ಅಡ್ಡ ಬಲ ಕಾರಿನ ತೂಕದ ಸುಮಾರು ಶೇ. 35ರಷ್ಟಾಗುತ್ತದೆ, ಹೊರಬದಿಗೆ ಸಾಗುವ ತೂಕ ಸುಮಾರು 128 ಕೆ.ಜಿ. ಕಾರು ಒಂದಿಷ್ಟು ವಾಲಿದಾಗ ಗುರುತ್ವ ಕೇಂದ್ರವೂ ಪಕ್ಕಕ್ಕೆ ಸರಿಯುತ್ತದೆಯಲ್ಲ ಎಂದು ಚುರುಕಾದ ಹುಡುಗರು ಕೇಳುತ್ತಾರೆ, ಕೇಳಬೇಕಾದ ಪ್ರಶ್ನೆಯೇ ಅದು. ದಪ್ಪ ಬಾರ್ ಹಾಕಿ ಎರಡು ಡಿಗ್ರಿ ವಾಲುತ್ತಿದ್ದ ಕಾರನ್ನು ಒಂದೂವರೆ ಡಿಗ್ರಿಗೆ ತಂದರೆ ಆ ಬಾಬ್ತಿನಲ್ಲಿ ಕಡಿಮೆಯಾಗುವುದು ಎರಡು ಮೂರು ಕೆ.ಜಿ. ಮಾತ್ರ. ಅದೇ ತಿರುವನ್ನು 30ರ ಬದಲು 25 ಕಿ.ಮೀ. ವೇಗದಲ್ಲಿ ತೆಗೆದುಕೊಂಡರೆ 128 ಕೆ.ಜಿ. ಇದ್ದದ್ದು ಸುಮಾರು 90ಕ್ಕೆ ಇಳಿಯುತ್ತದೆ.

ಹಾಗಾದರೆ ಬಾರ್ ಮಾಡುವುದೇನು? ಸಾಗುವ ಆ 128 ಕೆ.ಜಿ.ಯಲ್ಲಿ ಮುಂದಿನ ಚಕ್ರಗಳ ಪಾಲೆಷ್ಟು, ಹಿಂದಿನ ಚಕ್ರಗಳ ಪಾಲೆಷ್ಟು ಎಂಬ ಹಂಚಿಕೆಯನ್ನು ಅದು ಬದಲಿಸುತ್ತದೆ. ಮುಂದೆ ದಪ್ಪ ಬಾರ್ ಹಾಕಿದರೆ ಮುಂದಿನ ಹೊರ ಚಕ್ರ ಹೆಚ್ಚು ಹೊರುತ್ತದೆ, ಹಿಂದೆ ಹಾಕಿದರೆ ಹಿಂದಿನದು ಹೆಚ್ಚು ಹೊರುತ್ತದೆ. ಇಲ್ಲಿ ಟೈರಿನ ಒಂದು ಗುಣವನ್ನು ತಿಳಿದಿರಬೇಕು. ಟೈರಿನ ಮೇಲೆ ತೂಕ ಹೆಚ್ಚಿದಷ್ಟೂ ಅದರ ಹಿಡಿತ ಹೆಚ್ಚುತ್ತದೆ, ಆದರೆ ತೂಕ ಹೆಚ್ಚಿದ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಅರ್ಥವಾಗಲೆಂದು ಊಹೆಯ ಅಂಕಿಗಳಲ್ಲಿ ಹೇಳುತ್ತೇನೆ. ಮುಂದಿನ ಎರಡು ಟೈರುಗಳ ಮೇಲೆ ತಲಾ 300 ಕೆ.ಜಿ. ಇದ್ದಾಗ ಒಟ್ಟು ಹಿಡಿತ 600 ಎಂದಿರಲಿ. ಹೊರಗಿನದರ ಮೇಲೆ 450, ಒಳಗಿನದರ ಮೇಲೆ 150 ಆದಾಗ ಹೊರಗಿನದು 450ರ ಬದಲು 420 ಕೊಡುತ್ತದೆ, ಒಳಗಿನದು 160 ಕೊಡುತ್ತದೆ, ಒಟ್ಟು 580. ಹಂಚಿಕೆ ಇನ್ನೂ ಕೆಟ್ಟು 520 ಮತ್ತು 80 ಆದರೆ ಒಟ್ಟು 555ಕ್ಕೆ ಇಳಿಯುತ್ತದೆ. ಮುಂದಿನ ಬಾರನ್ನು ದಪ್ಪ ಮಾಡಿದವರು ಮುಂದಿನ ಚಕ್ರಗಳ ಹಿಡಿತವನ್ನು ಹೀಗೆ ಕಳೆದುಕೊಳ್ಳುತ್ತಾರೆ. ಸ್ಟೀರಿಂಗ್ ತಿರುಗಿಸಿದರೂ ಕಾರು ನೇರವಾಗಿ ಹೊರಗೆ ಜಾರುವ ಗುಣ ಮುಂದಿನ ಚಕ್ರಗಳಿಂದ ಎಳೆಯುವ ಸಣ್ಣ ಕಾರುಗಳಿಗೆ ಮೊದಲೇ ಇದೆ, ಅದು ಇನ್ನಷ್ಟು ಹೆಚ್ಚುತ್ತದೆ.

ಇಷ್ಟು ಹೇಳಿದ ಮೇಲೆ ಬರುವ ಮಾತು ‘ರ‍್ಯಾಲಿ ಕಾರಿನವರು ಹಾಕುವುದಿಲ್ಲವೇ?’ ಎಂಬುದು. ನಮ್ಮ ಊರಿನ ಜನರಿಗೆ ರ‍್ಯಾಲಿ ಹೊಸದಲ್ಲ. ರಾಷ್ಟ್ರೀಯ ರ‍್ಯಾಲಿಯ ಸುತ್ತುಗಳು ಇಲ್ಲಿಯ ಕಾಫಿ ತೋಟಗಳ ಮಣ್ಣಿನ ದಾರಿಗಳಲ್ಲಿ ನಡೆದಿವೆ, ಏಷ್ಯಾ ಪೆಸಿಫಿಕ್ ಚಾಂಪಿಯನ್‌ಷಿಪ್ಪಿನ ಕಾರುಗಳೂ ಬಂದು ಓಡಿವೆ. ಆದರೆ ಬೇಲಿಯ ಪಕ್ಕ ನಿಂತು ಧೂಳು ಕುಡಿದವರು ಕಾರಿನ ಅಡಿಯನ್ನು ನೋಡಿರುವುದಿಲ್ಲ. ಡಾಂಬರಿನ ಮೇಲೆ ಓಡುವ ರ‍್ಯಾಲಿ ಕಾರಿಗೆ ಬಿಗಿಯಾದ ಬಾರ್ ಹಾಕುತ್ತಾರೆ, ಮಣ್ಣು ಜಲ್ಲಿಯ ದಾರಿಗೆ ಮೃದುವಾದ ಬಾರ್ ಹಾಕುತ್ತಾರೆ. ಹಿಡಿತ ಕಡಿಮೆ ಇರುವ, ಏರುತಗ್ಗಿನ ನೆಲದಲ್ಲಿ ಪ್ರತಿಯೊಂದು ಚಕ್ರವೂ ತನ್ನ ಪಾಡಿಗೆ ತಾನು ನೆಲವನ್ನು ಹುಡುಕಿಕೊಳ್ಳಬೇಕು. ಬಾರ್ ಬಿಗಿಯಾದಷ್ಟೂ ಎಡಬಲ ಚಕ್ರಗಳು ಒಂದಕ್ಕೊಂದು ಕಟ್ಟಿದಂತಾಗುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾಚಿ ಕಟ್ಟಿ, ಸಿಲ್ವರ್ ಓಕ್ ಎಲೆ ಕೊಳೆತು ಬಿದ್ದಿರುವ ನಮ್ಮ ರಸ್ತೆ ಈ ಎರಡರಲ್ಲಿ ಯಾವುದಕ್ಕೆ ಹತ್ತಿರ ಎಂಬುದನ್ನು ನೀವೇ ಯೋಚಿಸಿ.

ಹಿಂದೆ ಬಾರ್ ಹಾಕಿಸುವವರಿಗೆ ಪ್ರತ್ಯೇಕವಾಗಿ ಹೇಳಬೇಕಾದದ್ದಿದೆ. ಸ್ವಿಫ್ಟಿನಂತಹ ಕಾರುಗಳಲ್ಲಿ ಹಿಂದಿನ ಎರಡು ಚಕ್ರಗಳನ್ನು ಜೋಡಿಸುವ ಅಡ್ಡ ತೊಲೆ, ಅಂದರೆ ಟಾರ್ಷನ್ ಬೀಮ್, ತಾನೇ ತಿರುಚಿಕೊಂಡು ಬಾರಿನ ಕೆಲಸವನ್ನೂ ಮಾಡುತ್ತದೆ. ಅಂಗಡಿಯಲ್ಲಿ ಸಿಗುವುದು ಆ ಬೀಮಿಗೆ ಅಡ್ಡಲಾಗಿ ಬೋಲ್ಟ್ ಹಾಕಿ ಬಿಗಿಯುವ ಇನ್ನೊಂದು ಸರಳು. ಅದು ಹಿಂದಿನ ಹಿಡಿತವನ್ನು ತಗ್ಗಿಸುವ ಮೂಲಕವೇ ಕಾರನ್ನು ಚುರುಕಾಗಿ ತಿರುಗಿಸುತ್ತದೆ. ಒಣ ರಸ್ತೆಯಲ್ಲಿ ಅದು ಬಹಳ ಹಿತವೆನಿಸುತ್ತದೆ. ಹಾಗೆ ಹಾಕಿಸಿಕೊಂಡ ಪರಿಚಯದವರೊಬ್ಬರ ಕಾರಿನಲ್ಲಿ ನಾನು ಮುಂಗಾರಿನ ಮೊದಲ ವಾರ ಕೊಟ್ಟಿಗೆಹಾರದಿಂದ ಕೆಳಗೆ ಇಳಿಯುತ್ತಿದ್ದೆ. ತಿರುವಿನ ನಡುವೆ ಎದುರಿಗೆ ಬಸ್ಸು ಕಂಡು ಅವರು ಆಕ್ಸಿಲರೇಟರ್‌ನಿಂದ ಕಾಲು ತೆಗೆದರು, ಅಷ್ಟೇ. ತೂಕ ಮುಂದಕ್ಕೆ ಬಂತು, ಹಿಂಭಾಗ ಕಣಿವೆಯ ಕಡೆಗೆ ಒಂದು ಮಾರು ಸರಿದು ನಿಂತಿತು. ಇಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ. ಮರುದಿನವೇ ಆ ಸರಳನ್ನು ನನ್ನ ಕೈಯಾರೆ ಬಿಚ್ಚಿದೆ.

ದಪ್ಪ ಬಾರಿನಿಂದ ಲಾಭವೇ ಇಲ್ಲವೆಂದು ಹೇಳಿದರೆ ಅದೂ ತಪ್ಪಾಗುತ್ತದೆ. ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎರಡೂ ಒಂದೇ ಕಂಬದಲ್ಲಿರುವ ಸಸ್ಪೆನ್ಷನ್) ಇರುವ ಕಾರು ಹೆಚ್ಚು ವಾಲಿದಾಗ ಹೊರ ಚಕ್ರದ ತಲೆ ಹೊರಕ್ಕೆ ಓರೆಯಾಗಿ ಟೈರಿನ ಹೊರ ಅಂಚು ಮಾತ್ರ ನೆಲ ಹಿಡಿಯುತ್ತದೆ. ವಾಲುವುದು ಕಡಿಮೆಯಾದರೆ ಆ ದೋಷ ಕಡಿಮೆಯಾಗುತ್ತದೆ, ಸ್ಟೀರಿಂಗ್ ತಿರುಗಿಸಿದ ಕೂಡಲೇ ಕಾರು ಸ್ಪಂದಿಸುತ್ತದೆ. ನುಣುಪಾದ ಅಗಲ ರಸ್ತೆಯಲ್ಲಿ, ಒಳ್ಳೆಯ ಟೈರುಗಳ ಮೇಲೆ, ತನ್ನ ಕಾರಿನ ನಡವಳಿಕೆ ಬಲ್ಲವನಿಗೆ ಇದು ಉಪಯೋಗಕ್ಕೆ ಬರುತ್ತದೆ. ಒಂದೇ ಬದಿಗೆ ಗುಂಡಿ ಬಿದ್ದ ತೋಟದ ರಸ್ತೆಯಲ್ಲಿ ಅದೇ ಬಾರ್ ಒಂದು ಚಕ್ರದ ಹೊಡೆತವನ್ನು ಇನ್ನೊಂದಕ್ಕೆ ದಾಟಿಸಿ, ಕೂತವರ ತಲೆಯನ್ನು ಎಡಕ್ಕೂ ಬಲಕ್ಕೂ ಎಸೆಯುತ್ತದೆ.

ವಾಂತಿಯ ವಿಷಯಕ್ಕೆ ಬಂದರೆ, ಹೊಟ್ಟೆ ತೊಳಸುವಂತೆ ಮಾಡುವುದರಲ್ಲಿ ದೊಡ್ಡ ಪಾಲು ಒಂದರ ಹಿಂದೆ ಒಂದು ಎಡಬಲಕ್ಕೆ ಎಳೆಯುವ ಆ ಅಡ್ಡ ಬಲದ್ದು. ಅದನ್ನು ಯಾವ ಬಾರೂ ಕಡಿಮೆ ಮಾಡಲಾರದು. ವೇಗ 40ರಿಂದ 30ಕ್ಕೆ ಇಳಿದರೆ ಅದೇ ತಿರುವಿನಲ್ಲಿ ಅಡ್ಡ ಬಲ ಶೇ. 44ರಷ್ಟು ಇಳಿಯುತ್ತದೆ.

ಕಾನೂನಿನ ಮಾತನ್ನೂ ಮರೆಯಬಾರದು. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರ ಮೂಲ ವಿವರಗಳಿಗೆ ಹೊರತಾದ ಮಾರ್ಪಾಟನ್ನು ನಿರ್ಬಂಧಿಸುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನ ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಟಿಗೂ ಮಾಲೀಕರಿಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಬಹುದು. ಬಿಗಿಸುವ ಮುನ್ನ ಆರ್.ಟಿ.ಒ. ಕಚೇರಿಯಲ್ಲೂ ವಿಮಾ ಕಂಪನಿಯಲ್ಲೂ ಕೇಳಿಕೊಳ್ಳಿ.

ಕೇಳದಿದ್ದರೂ ಹೇಳಲೇಬೇಕಾದ ಇನ್ನೊಂದು ಸಂಗತಿ ಹಳೆಯ ಮಾರುತಿ 800 ಇಟ್ಟುಕೊಂಡವರಿಗೆ. 2014ರಲ್ಲಿ ತಯಾರಿಕೆ ನಿಂತರೂ ನಮ್ಮ ತೋಟಗಳ ಶೆಡ್ಡುಗಳಲ್ಲಿ ಅವು ಇನ್ನೂ ಓಡುವ ಸ್ಥಿತಿಯಲ್ಲಿವೆ. ಬಾರ್ ಸದ್ದು ಮಾಡುತ್ತದೆಂದು ಅದನ್ನು ಬಿಚ್ಚಿ ಓಡಿಸಬಹುದೇ ಎಂದು ಯೋಚಿಸುವವರಿದ್ದಾರೆ. ಆ ಕಾರಿನಲ್ಲಿ ಬಾರಿನ ತುದಿ ಲಿಂಕ್ ರಾಡಿಗೆ, ಅಂದರೆ ಬಾರನ್ನು ಚಕ್ರದ ಸಸ್ಪೆನ್ಷನ್ನಿಗೆ ಜೋಡಿಸುವ ಸಣ್ಣ ಕೊಂಡಿಗೆ, ಹೋಗುವುದಿಲ್ಲ. ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳಾದ ಲೋವರ್ ಆರ್ಮಿನೊಳಗೆ ನೇರವಾಗಿ ಹೊಕ್ಕು, ಬುಷ್ ಮತ್ತು ನಟ್ ಹಾಕಿಸಿಕೊಂಡು, ಚಕ್ರ ಹಿಂದೆ ಮುಂದೆ ಸರಿಯದಂತೆ ಹಿಡಿದಿಡುತ್ತದೆ. ಅರ್ಲ್ ಮ್ಯಾಕ್‌ಫರ್ಸನ್ ತನ್ನ ಸಸ್ಪೆನ್ಷನ್ನನ್ನು ಮೊದಲು ರೂಪಿಸಿದ್ದೇ ಹೀಗೆ, ಒಂದೇ ಸರಳಿನಿಂದ ಎರಡು ಕೆಲಸ ಮಾಡಿಸುವಂತೆ. ಅದನ್ನು ಬಿಚ್ಚಿದರೆ ಬ್ರೇಕ್ ಒತ್ತಿದಾಗ ಚಕ್ರವನ್ನು ಅದರ ಜಾಗದಲ್ಲಿ ಹಿಡಿಯುವವರೇ ಇರುವುದಿಲ್ಲ. 800ರಲ್ಲಿ ಬ್ರೇಕ್ ಹಿಡಿದ ಕೂಡಲೇ ‘ಟಕ್’ ಎಂದು ಸದ್ದು ಬಂದು ಸ್ಟೀರಿಂಗ್ ಒಂದು ಕಡೆಗೆ ಎಳೆದರೆ ಮೊದಲು ಈ ಬುಷ್‌ಗಳನ್ನೇ ನೋಡಿಸಬೇಕು.

ಈಗ ನಿಮ್ಮ ಸ್ವಿಫ್ಟಿಗೆ ಬರೋಣ. ಆರು ವರ್ಷ ಮಲೆನಾಡಿನಲ್ಲಿ ಓಡಿದ ಕಾರು ವಾಲುತ್ತಿದ್ದರೆ ಹೊಸ ಬಾರ್ ಕೊಳ್ಳುವ ಮೊದಲು ಇರುವ ಬಾರ್ ಕೆಲಸ ಮಾಡುತ್ತಿದೆಯೇ ಎಂದು ನೋಡಬೇಕು. ಲಿಂಕ್ ರಾಡಿನ ಬಾಲ್ ಜಾಯಿಂಟ್ ಮೇಲಿರುವ ರಬ್ಬರ್ ಬೂಟ್ ಹರಿದು, ಒಳಗೆ ಗ್ರೀಸಿನ ಬದಲು ಕೆಂಪು ಮಣ್ಣು ತುಂಬಿಕೊಂಡಿರುವುದನ್ನು ನಾನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಆಟ, ಅಂದರೆ ಸಡಿಲ, ತಿಳಿಯುತ್ತದೆ. ಆ ಆಟ ಇರುವಷ್ಟು ದೂರ ಕಾರು ವಾಲಿದ ಮೇಲೆಯೇ ಬಾರ್ ತಿರುಚಿಕೊಳ್ಳಲು ತೊಡಗುವುದು. ಬಾರ್ ಹಿಡಿದಿರುವ ಎರಡು ಬುಷ್‌ಗಳು ಸವೆದಿದ್ದರೂ ಇದೇ ಫಲ. ಶಾಕ್ ಅಬ್ಸಾರ್ಬರ್ ಎಣ್ಣೆ ಸೋರುತ್ತಿದೆಯೇ, ಟೈರಿನ ಗಾಳಿ ಚಾಲಕನ ಬಾಗಿಲ ಕಂಬದ ಸ್ಟಿಕ್ಕರಿನಲ್ಲಿ ಬರೆದಷ್ಟು ಇದೆಯೇ ಎಂಬುದನ್ನೂ ನೋಡಿಸಿ. ಲಿಂಕ್ ರಾಡ್ ಬದಲಿಸಬೇಕಾಗಿ ಬಂದರೆ ಎಡಬಲ ಎರಡನ್ನೂ ಒಟ್ಟಿಗೆ ಬದಲಿಸಿ. ಬಾರಿನ ಬುಷ್ ಕ್ಲಾಂಪ್‌ಗಳ ಕೊನೆಯ ಬಿಗಿಯನ್ನು ಚಕ್ರಗಳು ಜಾಕಿನಲ್ಲಿ ತೂಗುತ್ತಿರುವಾಗ ಕೊಡದೆ, ಕಾರು ನೆಲದ ಮೇಲೆ ತನ್ನ ತೂಕದಲ್ಲಿ ನಿಂತಿರುವಾಗಲೇ ಕೊಡಲು ಮೇಸ್ತ್ರಿಗೆ ಹೇಳಿ. ಅದಾದ ಮೇಲೆ ಒಮ್ಮೆ ಚಾರ್ಮಾಡಿ ಇಳಿದು ಹತ್ತಿ ಬನ್ನಿ. ಆಗಲೂ ವಾಲುವುದು ಹೆಚ್ಚೆನಿಸಿದರೆ ಯಾವ ದಪ್ಪದ ಬಾರ್, ಮುಂದೆಯೋ ಹಿಂದೆಯೋ ಎಂದು ಮಾತಾಡೋಣ.