ಇಸಿಯು ಕೊಳ್ಳುವ ಮೊದಲು ಹಲ್ಲು ಎಣಿಸಿ

"ಸರ್, ಲಿಂಕ್ ತಗೊಳ್ಳಲಾ, ಹಾಲ್ಟೆಕ್ ತಗೊಳ್ಳಲಾ?" ಹಳೇ ಕಾರನ್ನು ತಾವೇ ಮಾರ್ಪಡಿಸಿ ಪ್ರಾಜೆಕ್ಟ್ ಕಾರು ಕಟ್ಟುವ ಹುಡುಗರಿಂದ ಈ ಫೋನ್ ಬರುತ್ತಲೇ ಇರುತ್ತದೆ. ಎರಡೂ ಇಸಿಯು ಬ್ರ್ಯಾಂಡುಗಳು. ಇಸಿಯು ಅಂದರೆ ಎಂಜಿನ್ನಿನ ಪೆಟ್ರೋಲು, ಕಿಡಿ ಎರಡನ್ನೂ ನಡೆಸುವ ಕಂಪ್ಯೂಟರ್. "ಟ್ರಿಗರ್ ಯಾವುದಪ್ಪಾ?" ಎಂದು ನಾನು ಕೇಳುತ್ತೇನೆ. "ಅದು ಆಮೇಲೆ ನೋಡೋಣ ಸರ್" ಅನ್ನುತ್ತಾರೆ. ಕೆಡುವುದು ಆ "ಆಮೇಲೆ"ಯಲ್ಲೇ.

ಪಿಸ್ಟನ್ ಮೇಲಿದೆಯೋ ಕೆಳಗಿದೆಯೋ ಎಂಬುದು ಇಸಿಯುಗೆ ತಾನಾಗಿ ಗೊತ್ತಾಗುವುದಿಲ್ಲ. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ದಂಡದ ಜೊತೆ ತಿರುಗುವ ಹಲ್ಲಿನ ಚಕ್ರವನ್ನು ಸೆನ್ಸರ್ ಓದಿ ಹೇಳಬೇಕು. ಈ ಚಕ್ರ, ಸೆನ್ಸರ್ ಜೋಡಿಯೇ ಟ್ರಿಗರ್. 36-1 ಅಂದರೆ 36 ಹಲ್ಲಿನ ಜಾಗ, ಅದರಲ್ಲಿ ಒಂದು ಬೇಕೆಂದೇ ಖಾಲಿ. ಹಲ್ಲಿನಿಂದ ಹಲ್ಲಿಗೆ 10 ಡಿಗ್ರಿ. ಖಾಲಿ ಜಾಗ ಬಂದಾಗ ಎಣಿಕೆ ಮತ್ತೆ ಮೊದಲಿನಿಂದ. ಎಣಿಕೆ ತಪ್ಪಿದರೆ ಕಿಡಿ ತಪ್ಪುತ್ತದೆ. ಕಿಡಿ ತೀರಾ ಮುಂಚೆ ಬಿದ್ದರೆ ಎಂಜಿನ್ ನಾಕ್ ಆಗಿ, ಅಂದರೆ ಒಳಗೆ ಬಡಿತ ಎದ್ದು, ಪಿಸ್ಟನ್ನೇ ಹೋಗಬಹುದು.

ತಾನೇ ಚೊಕ್ಕ ಆನ್-ಆಫ್ ಸಿಗ್ನಲ್ ಕೊಡುವ ಮೂರು ವೈರಿನ ಹಾಲ್ ಸೆನ್ಸರ್ ಆದರೆ ತಲೆನೋವು ಕಡಿಮೆ. ಎರಡು ವೈರಿನ ಮ್ಯಾಗ್ನೆಟಿಕ್ ಸೆನ್ಸರಿನಲ್ಲಿ ಎರಡೂ ವೈರು ಒಂದೇ ಅಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಸರಿಯಾಗಿ ಜೋಡಿಸಿದ್ದರೆ ಹಲ್ಲಿನ ನಡುಮಧ್ಯೆ ಸಿಗ್ನಲ್ಲಿನ ವೋಲ್ಟೇಜ್ ಥಟ್ಟನೆ ಸೊನ್ನೆ ದಾಟುತ್ತದೆ, ಇಸಿಯು ಆ ಕ್ಷಣವನ್ನು ಹಿಡಿಯುತ್ತದೆ. ವೈರು ಅದಲುಬದಲಾದರೆ ಹಲ್ಲುಗಳ ನಡುವಿನ ಸಂದಿನಲ್ಲಿ ಮೆಲ್ಲಗೆ ದಾಟುವುದನ್ನು ಹಿಡಿಯುತ್ತದೆ. ಹಲ್ಲಿಲ್ಲದ ಅಗಲ ಸಂದು ಬಂದಾಗ ಅದಕ್ಕೆ ಗೊಂದಲ.

ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರೊಬ್ಬರು ಕಾರ್ಬ್ಯುರೇಟರ್ ಕಾಲದ ಮಾರುತಿ ಜಿಪ್ಸಿಗೆ ಇಸಿಯು ನಡೆಸುವ ಪೆಟ್ರೋಲ್ ಇಂಜೆಕ್ಷನ್ ಹಾಕಿಸಿ ತಂದಿದ್ದರು. ಎಂಜಿನ್ ಮಿಸ್‌ಫೈರ್ ಆಗುತ್ತಿತ್ತು, ಅಂದರೆ ಸರಿಯಾಗಿ ಉರಿಯದೆ ತಡವರಿಸುತ್ತಿತ್ತು. ತಂದೆ ಓಡಿಸುತ್ತಿದ್ದ ಗಾಡಿ, ಮಾರುವ ಮಾತೇ ಇಲ್ಲ. ಕಿಡಿ ಹುಟ್ಟಿಸುವ ಕಾಯಿಲ್ ಬದಲಾಯಿಸಿದ್ದರು, ಇಂಜೆಕ್ಟರ್ ಬದಲಾಯಿಸಿದ್ದರು, ಇನ್ನೂ ದುಬಾರಿ ಇಸಿಯುಗೆ ದುಡ್ಡು ಹೊಂದಿಸುತ್ತಿದ್ದರು. ಸಾಫ್ಟ್‌ವೇರಿನಲ್ಲಿ ಕಿಡಿಯ ಟೈಮಿಂಗನ್ನು 10 ಡಿಗ್ರಿಗೆ ಲಾಕ್ ಮಾಡಿ, ಕಿಡಿ ಬಿದ್ದಾಗಲೆಲ್ಲ ಮಿನುಗುವ ಟೈಮಿಂಗ್ ಲೈಟನ್ನು ಪುಲ್ಲಿಯ ಗುರುತಿಗೆ ಹಿಡಿದೆ. ಐಡಲ್‌ನಲ್ಲಿ ಗುರುತು ಅಲ್ಲಾಡಲಿಲ್ಲ. 4,000 ಆರ್‌ಪಿಎಂ ಹತ್ತಿರ ಆ ಕಡೆ ಈ ಕಡೆ ಓಡಾಡತೊಡಗಿತು. ಸಿಗ್ನಲ್ಲಿನ ಆಕಾರ ತೋರಿಸುವ ಆಸಿಲೋಸ್ಕೋಪ್ ಹಾಕಿ ನೋಡಿದರೆ ಸೆನ್ಸರಿನ ಸಿಗ್ನಲ್ ತಲೆಕೆಳಗು. ಎರಡು ವೈರು ಬದಲಿಸಿದೆವು, ಅಷ್ಟೇ. ಕಳೆದ ತಿಂಗಳುಗಳನ್ನು ನೆನೆದು ಅವರು ತುಸು ಹೊತ್ತು ಮಾತಾಡಲಿಲ್ಲ. ನನಗೂ ಸಂಕಟವಾಯಿತು.

ಎಲ್ಲ ಮಿಸ್‌ಫೈರಿಗೂ ಇದೇ ಕಾರಣ ಎನ್ನಲಾರೆ. ನಡುವೆ ರಬ್ಬರ್ ಇರುವ ಕ್ರ್ಯಾಂಕ್ ಪುಲ್ಲಿಯ ಹೊರ ಸುತ್ತಿಗೆ ಚಕ್ರ ಬೋಲ್ಟ್ ಮಾಡಿದ್ದರೆ ಆ ಸುತ್ತು ರಬ್ಬರಿನ ಮೇಲೆ ಜಾರಿರಬಹುದು. ಸೆನ್ಸರಿನ ಗ್ರೌಂಡನ್ನು ಕಾಯಿಲ್‌ಗಳ ಗ್ರೌಂಡಿಗೇ ಸೇರಿಸಿರಬಹುದು. ಗಾಡಿ ನೋಡದೆ ಫೋನಿನಲ್ಲಿ ತೀರ್ಪು ಕೊಡುವುದಿಲ್ಲ.

ಬ್ರ್ಯಾಂಡ್ ವಿಷಯ ಬೇಗ ಮುಗಿಯುತ್ತದೆ. ಇಸಿಯು ನಿಮ್ಮ ಚಕ್ರವನ್ನು, ನಿಮ್ಮ ಸೆನ್ಸರನ್ನು ಓದಬೇಕು. ಸ್ಪೀಡುಯಿನೋ ಎಂಬ ಇಸಿಯುವಿನ 0.4 ಬೋರ್ಡಿನಲ್ಲಿ ಮ್ಯಾಗ್ನೆಟಿಕ್ ಸೆನ್ಸರಿಗೆ ಸಿಗ್ನಲ್ ತಿದ್ದಿಕೊಡುವ ಕಂಡೀಷನರ್ ಬೇರೆ ಕೂರಿಸಬೇಕು, ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಇಸಿಯು ಹೊಂದಿಸಿಕೊಡುವ ನಿಮ್ಮೂರಿನ ಟ್ಯೂನರ್‌ಗೆ ಅದರ ಸಾಫ್ಟ್‌ವೇರ್ ಗೊತ್ತಿರಬೇಕು. ಹೊಗೆಯನ್ನು ಅಳೆದು ಗಾಳಿ-ಪೆಟ್ರೋಲಿನ ಮಿಶ್ರಣ ಹೇಳುವ ವೈಡ್‌ಬ್ಯಾಂಡ್ ಸೆನ್ಸರಿಗೆ ದುಡ್ಡು ಉಳಿದಿರಬೇಕು. ರಸ್ತೆಗೆ ನೋಂದಣಿಯಾದ ಗಾಡಿಯಾದರೆ ಗಾಡಿಯ ಮಾರ್ಪಾಡಿನ ಬಗ್ಗೆ ಇರುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿ, ಆರ್‌ಟಿಒದಲ್ಲಿ ವಿಚಾರಿಸಿಯೇ ಕೈ ಹಾಕಿ.

ಆ ಜಿಪ್ಸಿಯಲ್ಲಿ ಈಗಲೂ ಹಳೇ ಇಸಿಯುವೇ ಇದೆ. ಬೆಳೆಗಾರರು ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದು ಉಜಿರೆಯಿಂದ ಫೋನ್ ಮಾಡಿದ್ದರು. ಕೆಳಗಿಳಿದಂತೆ ಗಾಳಿಯ ಒತ್ತಡ ಏರುತ್ತದಲ್ಲ, ಮಿಶ್ರಣ ಹೇಗಿತ್ತೆಂದು ನೋಡಬೇಕು, ಇಸಿಯು ದಾಖಲಿಸಿಟ್ಟ ಲಾಗ್ ಫೈಲ್ ಕಳಿಸಿ ಎಂದೆ.