ಪುಸ್ತಕ ಮುಚ್ಚಿದ ಮೇಲಿನ ಓದು

ಪರೀಕ್ಷೆ ಹತ್ತಿರ ಬಂತೆಂದರೆ ಹೆಚ್ಚಿನ ಮಕ್ಕಳು ಮಾಡುವುದು ಒಂದೇ ಕೆಲಸ. ಪಾಠವನ್ನು ಮತ್ತೆ ಮೊದಲಿನಿಂದ ಓದುತ್ತಾರೆ, ಹೈಲೈಟರ್ ಹಿಡಿದು ಗೆರೆ ಎಳೆಯುತ್ತಾರೆ. ಎರಡನೇ ಸಲ ಓದುವಾಗ ಸಾಲುಗಳು ಸಲೀಸಾಗಿ ಸಾಗುತ್ತವೆ. 'ಇದು ನಂಗೆ ಗೊತ್ತು' ಅನ್ನಿಸುತ್ತದೆ. ಆದರೆ ಕಣ್ಣಿಗೆ ಪರಿಚಯವಾಗುವುದೇ ಬೇರೆ, ಪುಸ್ತಕ ಮುಂದಿಲ್ಲದಾಗ ನೆನಪಿಗೆ ಬರುವುದೇ ಬೇರೆ. ಪರೀಕ್ಷೆಯಲ್ಲಿ ಬೇಕಾಗುವುದು ಎರಡನೆಯದು.

ಇದನ್ನು ಚೆನ್ನಾಗಿ ತೋರಿಸಿಕೊಟ್ಟ ಒಂದು ಪ್ರಯೋಗವಿದೆ. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ್ದು. ಕಾಲೇಜು ವಿದ್ಯಾರ್ಥಿಗಳಿಗೆ ಓದಲು ಚಿಕ್ಕ ವಿಜ್ಞಾನ ಬರಹಗಳನ್ನು ಕೊಟ್ಟರು. ಒಂದು ಸೂರ್ಯನ ಬಗ್ಗೆ, ಇನ್ನೊಂದು ಕಡಲ ನೀರುನಾಯಿಯ ಬಗ್ಗೆ. ಒಂದು ಗುಂಪು ನಾಲ್ಕು ಅವಧಿಯಲ್ಲೂ ಬರೀ ಓದಿತು. ಇನ್ನೊಂದು ಗುಂಪು ಮೊದಲ ಅವಧಿಯಲ್ಲಿ ಮಾತ್ರ ಓದಿತು. ಉಳಿದ ಮೂರರಲ್ಲಿ ಬರಹವನ್ನು ನೋಡದೆ, ನೆನಪಿದ್ದಷ್ಟನ್ನು ಖಾಲಿ ಹಾಳೆಯ ಮೇಲೆ ಬರೆಯಿತು.

ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ ಓದಿದವರೇ ಮುಂದಿದ್ದರು. ಅವರಿಗೆ ಶೇ. 83ರಷ್ಟು ನೆನಪಿತ್ತು, ಬರೆದವರಿಗೆ ಶೇ. 71. ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ತಲೆಕೆಳಗಾಯಿತು. ಓದಿದವರಿಗೆ ಉಳಿದಿದ್ದು ಶೇ. 40, ಬರೆದವರಿಗೆ ಶೇ. 61. ಓದಿದ ಗುಂಪು ಆ ಬರಹವನ್ನು ಸರಾಸರಿ 14 ಸಲ ಓದಿತ್ತು, ಬರೆದ ಗುಂಪು ಮೂರು ನಾಲ್ಕು ಸಲ ಅಷ್ಟೆ. ಹಾಗಿದ್ದೂ 'ನಮಗೆ ಚೆನ್ನಾಗಿ ನೆನಪಿರುತ್ತೆ' ಎಂಬ ನಂಬಿಕೆ ಜಾಸ್ತಿ ಇದ್ದದ್ದು 14 ಸಲ ಓದಿದವರಿಗೇ! ರಾತ್ರಿಯಿಡೀ ಓದಿಯೂ ಮಾರ್ಕ್ಸ್ ಬರಲಿಲ್ಲವೆಂದು ಅಳುವ ಮಕ್ಕಳನ್ನು ಸೋಮಾರಿಗಳು ಎಂದು ಬೈಯುವ ಮುಂಚೆ ದೊಡ್ಡವರು ಇದನ್ನು ಗಮನಿಸಬೇಕು. ಎಷ್ಟೋ ಸಲ ತಪ್ಪಿರುವುದು ಶ್ರಮದಲ್ಲಲ್ಲ, ಓದುವ ಕ್ರಮದಲ್ಲಿ.

ಹಾಗಾದರೆ ಪಠ್ಯಪುಸ್ತಕವನ್ನು ಓದುವುದು ಹೇಗೆ? ಹೈಸ್ಕೂಲಿನ ಹೃದಯದ ಪಾಠವನ್ನೇ ತೆಗೆದುಕೊಳ್ಳಿ. ಪಾಠ ಓದುವ ಮುಂಚೆ ಕೊನೆಯಲ್ಲಿರುವ ಪ್ರಶ್ನೆಗಳನ್ನು ನೋಡಿ, ಚಿತ್ರಗಳ ಮೇಲೆ ಕಣ್ಣಾಡಿಸಿ. ಆಮೇಲೆ ಓದಿ. 'ಎಡ ಹೃತ್ಕುಕ್ಷಿಯ ಗೋಡೆ ಬಲ ಹೃತ್ಕುಕ್ಷಿಯ ಗೋಡೆಗಿಂತ ದಪ್ಪ' ಎಂಬ ಸಾಲು ಬಂತು ಅನ್ನಿ (ಹೃತ್ಕುಕ್ಷಿ ಅಂದರೆ ಹೃದಯದ ಕೆಳಗಿನ ಕೋಣೆ). ಗೆರೆ ಎಳೆದು ಮುಂದೆ ಹೋಗಬೇಡಿ. ಯಾಕೆ ದಪ್ಪ ಎಂದು ಕೇಳಿಕೊಳ್ಳಿ. ಬಲಭಾಗ ರಕ್ತವನ್ನು ಪಕ್ಕದಲ್ಲೇ ಇರುವ ಶ್ವಾಸಕೋಶಕ್ಕೆ ದೂಡಿದರೆ ಸಾಕು. ಎಡಭಾಗ ಕಾಲಿನ ಬೆರಳಿನ ತುದಿವರೆಗೂ ತಲುಪಿಸಬೇಕು. ಒತ್ತಡ ಜಾಸ್ತಿ ಬೇಕು, ಅದಕ್ಕೆ ತಕ್ಕ ದಪ್ಪ ಸ್ನಾಯುವೂ ಬೇಕು. ಕಾರಣ ಸಿಕ್ಕಿದ ಮೇಲೆ 'ಯಾವ ಕಡೆ ದಪ್ಪ?' ಎಂದು ಗೊಂದಲವಾಗುವುದು ಕಷ್ಟ, ಅಲ್ವಾ?

ಒಂದು ಭಾಗ ಮುಗಿದ ತಕ್ಷಣ ಪುಸ್ತಕ ಮುಚ್ಚಿ. ರಕ್ತ ಹೋಗುವ ದಾರಿಯನ್ನು ಹಾಳೆಯಲ್ಲಿ ನೀವೇ ಬಿಡಿಸಿ, ಬಾಣದ ಗುರುತು ಹಾಕಿ. ಎಲ್ಲೋ ಒಂದು ಕಡೆ ಕೈ ನಿಲ್ಲುತ್ತದೆ. ಶ್ವಾಸಕೋಶದಿಂದ ವಾಪಸ್ ಬಂದ ರಕ್ತ ಯಾವ ಕೋಣೆಗೆ ಹೋಯಿತು? ಈಗ ಪುಸ್ತಕ ತೆರೆದು ಅದೊಂದನ್ನೇ ನೋಡಿಕೊಳ್ಳಿ. ತಡವರಿಸಿದಾಗ ಬೇಜಾರಾಗುತ್ತದೆ, ನಿಜ. ಆದರೆ ಕಲಿಕೆ ನಡೆಯುವುದೇ ಅಲ್ಲಿ.

ಇದೆಲ್ಲ ಹೊಸ ಮಾತೇನಲ್ಲ. ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಫ್ರಾನ್ಸಿಸ್ ರಾಬಿನ್ಸನ್ 1940ರ ದಶಕದಲ್ಲೇ ಒಂದು ಕ್ರಮ ಹೇಳಿಕೊಟ್ಟಿದ್ದರು: ಮೇಲೆ ಮೇಲೆ ನೋಡು, ಪ್ರಶ್ನೆ ಹಾಕಿಕೋ, ಓದು, ನೋಡದೆ ಹೇಳು, ಮತ್ತೊಮ್ಮೆ ಪರಿಶೀಲಿಸು. ಐದನ್ನೂ ಚಾಚೂ ತಪ್ಪದೆ ಪಾಲಿಸಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಪ್ರಶ್ನೆ ಹಾಕಿಕೊಳ್ಳುವುದು, ನೋಡದೆ ಹೇಳುವುದು, ಇವೆರಡನ್ನು ಮಾತ್ರ ಬಿಡಬಾರದು. ನಮ್ಮಲ್ಲಿ ಮಕ್ಕಳು ಸಂಜೆ ಅಜ್ಜನ ಮುಂದೆ ಕೂತು ಮಗ್ಗಿ, ಪದ್ಯ ಒಪ್ಪಿಸುತ್ತಿದ್ದುದೂ ಪುಸ್ತಕ ನೋಡದೆ ಹೇಳುವ ಅಭ್ಯಾಸವೇ. ಅರ್ಥ ತಿಳಿಯದೆ ಉರು ಹೊಡೆದರೆ ಪ್ರಯೋಜನ ಕಡಿಮೆ. ಅರ್ಥ ಮಾಡಿಕೊಂಡು ಒಪ್ಪಿಸಿದರೆ ಅದಕ್ಕಿಂತ ಒಳ್ಳೆಯ ಓದು ಸಿಗುವುದು ಕಷ್ಟ.

2013ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಡನ್ಲೋಸ್ಕಿ ಮತ್ತು ಸಂಗಡಿಗರು ಓದಿನ ಹತ್ತು ವಿಧಾನಗಳನ್ನು ಒರೆಗೆ ಹಚ್ಚಿದರು. ಗೆರೆ ಎಳೆಯುವುದು, ಮತ್ತೆ ಮತ್ತೆ ಓದುವುದು ಕೆಳಗಿನ ಸಾಲಿಗೆ ಹೋದವು. ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು, ಓದನ್ನು ಹಲವು ದಿನಗಳಿಗೆ ಹಂಚುವುದು ಎಲ್ಲಕ್ಕಿಂತ ಮೇಲೆ ನಿಂತವು. ಎರಡನ್ನೂ ಒಟ್ಟಿಗೆ ಮಾಡುವುದು ಸುಲಭ. ನಾಳೆ ಹೊಸ ಪಾಠ ಶುರು ಮಾಡುವ ಮುಂಚೆ, ಪುಸ್ತಕ ತೆರೆಯದೆ, ಇವತ್ತಿನ ಹೃದಯದ ಚಿತ್ರವನ್ನು ಇನ್ನೊಂದು ಸಲ ಬಿಡಿಸಿ. ನಾಲ್ಕೈದು ದಿನ ಬಿಟ್ಟು ಮತ್ತೊಮ್ಮೆ.